ಸೊಂಟ ಹಿಡಿದಾಗ ಗೊತ್ತಾಗಿದ್ದು

ಬೆಳಿಗ್ಗೆ ಆರೂ ಕಾಲಿಗೆ ನಮ್ಮೂರ ಅರಳಿಕಟ್ಟೆ ಹತ್ತಿರ ಗಾರ್ಮೆಂಟ್ಸ್ ವ್ಯಾನು ಬರುತ್ತದೆ. ಹೆಂಡತಿ ಅದನ್ನು ಹತ್ತಿದ ಮೇಲೆ ಮನೆ ನನ್ನ ಪಾಲಿಗೆ. ಹಂಡೆ ಒಲೆಗೆ ಸೌದೆ ಹಾಕಬೇಕು, ಮೂರು ವರ್ಷದ ಮಗಳಿಗೆ ಸ್ನಾನ ಮಾಡಿಸಬೇಕು, ಮೂರನೇ ಕ್ಲಾಸಿನ ಮಗನನ್ನು ಎಬ್ಬಿಸಬೇಕು, ಇಬ್ಬರಿಗೂ ತಿಂಡಿ ತಿನ್ನಿಸಿ ಒಬ್ಬನನ್ನು ಸ್ಕೂಲಿಗೆ, ಒಬ್ಬಳನ್ನು ಅಂಗನವಾಡಿಗೆ ಬಿಡಬೇಕು. ಅದೆಲ್ಲ ಮುಗಿದ ಮೇಲೆ ನಾನು ಪತ್ರಕರ್ತ.

ಮದ್ದೂರು ಕಡೆಯ ಹಳ್ಳಿಗಳಲ್ಲಿ ಇಂಥ ಮನೆಗಳು ಈಗ ಬಹಳ ಇವೆ. ಹೆಂಗಸರು ಬೆಳಗಾಗುವ ಮುಂಚೆ ಗಾರ್ಮೆಂಟ್ಸಿಗೆ ಹೋಗುತ್ತಾರೆ, ಮನೆಯಲ್ಲಿ ಉಳಿದವರು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ತಿಂಗಳಿಗೆ ಸರಿಯಾಗಿ ಸಂಬಳ ಬರುವುದು ಹೆಂಡತಿಯದು. ನನ್ನದು ಸ್ಟ್ರಿಂಗರ್ ಕೆಲಸ, ಸುದ್ದಿ ಅಚ್ಚಾದರೆ ದುಡ್ಡು.

ಕಳೆದ ಡಿಸೆಂಬರಿನ ಒಂದು ಬುಧವಾರ. ಮಗಳು ಬಚ್ಚಲಲ್ಲಿ ತಲೆ ತುಂಬ ಸೋಪು ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. "ಉರೀತದೆ, ಬೇಗ ಹುಯ್ಯಪ್ಪ" ಅಂತ ಕಿರುಚಿದಳು. ತಣ್ಣೀರಿನ ಬಕೆಟ್ಟು ನನ್ನ ಹಿಂದೆ ಇತ್ತು, ಕಂಠಮಟ್ಟ ತುಂಬಿತ್ತು. ನಿಂತಲ್ಲೇ ಬಗ್ಗಿ, ಒಂದೇ ಕೈಯಲ್ಲಿ ಎತ್ತಿ, ಸೊಂಟ ತಿರುಗಿಸಿ ಈ ಕಡೆಗೆ ಇಡಲು ಹೋದೆ.

ಸೊಂಟದಲ್ಲಿ ಏನೋ ಕಳಚಿದ ಹಾಗಾಯಿತು. ಬಕೆಟ್ಟು ಕೈಜಾರಿತು. ಎರಡು ಕೈ, ಎರಡು ಮಂಡಿ ಊರಿ ದನದ ಹಾಗೆ ನಿಂತುಬಿಟ್ಟೆ. ಮೇಲೇಳಲೂ ಆಗದು, ಕೆಳಗೆ ಕೂರಲೂ ಆಗದು. ಜೋರಾಗಿ ಉಸಿರು ಎಳೆದರೂ ನೋವು.

ಮಗಳು ಒಂದು ಕಣ್ಣು ಬಿಟ್ಟು ನೋಡಿದಳು. "ಅಪ್ಪ ಆನೆ ಆಟ" ಅಂತ ಬೆನ್ನು ಹತ್ತಲು ಬಂದಳು.

ಮಗನನ್ನು ಕೂಗಿದೆ. ನಿದ್ದೆಗಣ್ಣಲ್ಲಿ ಬಂದವನು ನನ್ನನ್ನು ನೋಡಿ ಹೆದರಿ ನಿಂತ. "ಏನಿಲ್ಲ ಮಗ, ತಂಗಿ ತಲೆಗೆ ನೀರು ಹುಯ್ಯಿ" ಅಂದೆ. ಎಂಟು ವರ್ಷದ ಹುಡುಗ, ಚೊಂಬಿನಲ್ಲಿ ನೀರು ಬೆರೆಸಿ, ಕೈ ಅದ್ದಿ ಬಿಸಿ ನೋಡಿ, ಅವಳ ತಲೆ ತೊಳೆದು ಟವೆಲ್ ಸುತ್ತಿದ. ಅವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಗೋಡೆ ಹಿಡಿದು ತೆವಳಿಕೊಂಡು ನಡುಮನೆಗೆ ಬಂದು ನೆಲದ ಮೇಲೆ ಮಲಗಿದೆ. ಕಾಲು ಚಾಚಿದರೆ ನೋವು ಕಿತ್ತುಕೊಂಡು ಬರುತ್ತಿತ್ತು. ಮಂಡಿ ಮಡಿಸಿ ಎರಡು ಕಾಲನ್ನೂ ಕುರ್ಚಿಯ ಮೇಲೆ ಇಟ್ಟಾಗ ಸ್ವಲ್ಪ ಸಮಾಧಾನವಾಯಿತು.

ಅಷ್ಟರಲ್ಲಿ ವ್ಯಾನಿನಿಂದ ಹೆಂಡತಿಯ ಫೋನು. "ಮಕ್ಕಳು ಎದ್ದವಾ?"

"ಎದ್ದವೆ. ಎಲ್ಲ ಸರಿಯಾಗದೆ" ಅಂದೆ.

ಸುಳ್ಳು ಹೇಳಲು ಕಾರಣವಿತ್ತು. ತಿಂಗಳಲ್ಲಿ ಒಂದು ದಿನ ತಪ್ಪಿಸಿದರೂ ಅವಳ ಹಾಜರಾತಿ ಬೋನಸ್ ಹೋಗುತ್ತದೆ. ಆ ತಿಂಗಳ ಗ್ಯಾಸ್ ಸಿಲಿಂಡರಿಗೆ, ಹಾಲಿನ ಬಾಕಿಗೆ ಆ ದುಡ್ಡನ್ನೇ ಲೆಕ್ಕ ಹಾಕಿದ್ದೆವು.

ಹಳ್ಳಿಯಲ್ಲಿ ಸೊಂಟ ಹಿಡಿದರೆ ಒಬ್ಬನೇ ನರಳಲು ಆಗುವುದಿಲ್ಲ. ಮಗ ಪಕ್ಕದ ಮನೆ ಅಕ್ಕನಿಗೆ ಹೇಳಿದ. ಆ ಅಕ್ಕನೇ ಮಕ್ಕಳಿಬ್ಬರಿಗೂ ಚಿತ್ರಾನ್ನ ತಿನ್ನಿಸಿ, ತನ್ನ ಮಗಳ ಜೊತೆ ಕರೆದುಕೊಂಡು ಹೋಗಿ ಬಿಟ್ಟು ಬಂದಳು. ಎರಡು ಬೀದಿ ಆಚೆ ಅಣ್ಣನ ಮನೆಯಲ್ಲಿರುವ ಅವ್ವನಿಗೂ ಸುದ್ದಿ ಮುಟ್ಟಿತು. ಅವ್ವ ಬಂದವಳೇ ಹರಳುಪ್ಪು ಹುರಿದು, ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಶಾಖ ಕೊಟ್ಟಳು. ಅದು ನಿಜವಾಗಿಯೂ ಹಿತವಾಗಿತ್ತು.

ಆಮೇಲೆ ಸಲಹೆಗಳು ಶುರುವಾದವು. ಒಬ್ಬರು ಉಳುಕು ತೆಗೆಯುವವರನ್ನು ಕರೆಸು ಅಂದರು. ಇನ್ನೊಬ್ಬರು ಹದಿನೈದು ದಿನ ನೆಲ ಬಿಟ್ಟು ಏಳಬೇಡ ಅಂದರು. ಅವ್ವನದು ಒಂದೇ ಹಟ: "ಕಾಲು ಮುಂದಾಗಿ ಹುಟ್ಟಿದೋರ ಕೈಲಿ ಮೂರು ಸಲ ಒದೆಸ್ಬೇಕು ಕಣ್ಲಾ. ಆಗ್ಲೇ ಬುಡೋದು."

ಈ ನಂಬಿಕೆ ನಿಮ್ಮೂರಲ್ಲೂ ಇರುತ್ತದೆ. ನಮ್ಮೂರ ಕೆಳಗಲ ಬೀದಿಯಲ್ಲಿ ಹಾಗೆ ಹುಟ್ಟಿದವನು ಒಬ್ಬನಿದ್ದಾನೆ, ಟ್ರಾಕ್ಟರ್ ಓಡಿಸುತ್ತಾನೆ. ಪಾಪ, ನಾಚಿಕೊಂಡೇ ಬಂದ. "ಅಣ್ಣ, ಒದಿಯಲ್ಲ, ಸುಮ್ನೆ ಮುಟ್ಟಿಸ್ತೀನಿ ಅಷ್ಟೆ" ಅಂತ ಕಾಲಿನ ತುದಿಯನ್ನು ಮೂರು ಸಲ ನನ್ನ ಸೊಂಟಕ್ಕೆ ತಾಗಿಸಿದ. ಹೋಗುವಾಗ ಬಾಗಿಲಲ್ಲಿ ನಿಂತು, "ಅಣ್ಣ, ನಮ್ಮ ಬೀದಿ ಚರಂಡಿ ವಿಚಾರ ಒಂಚೂರು ಪೇಪರಿಗೆ ಹಾಕಣ್ಣ" ಅಂದ. ನಗು ಬಂತು. ನಕ್ಕರೆ ಸೊಂಟ ಇನ್ನೂ ಜೋರಾಗಿ ಹಿಡಿಯಿತು.

ಅವನು ಒಳ್ಳೆಯವನು, ಮುಟ್ಟಿಸಿ ಬಿಟ್ಟ. ನಿಜವಾಗಿ ಒದೆಯುವವರೂ ಇದ್ದಾರೆ. ಮೂಳೆ ಸವೆದ ವಯಸ್ಸಾದವರಿಗೆ ಹಾಗೆ ಒದ್ದರೆ ಬೆನ್ನುಮೂಳೆಯೇ ಮುರಿಯಬಹುದು. ದಯವಿಟ್ಟು ಬೇಡ.

ಹನ್ನೊಂದು ಗಂಟೆಗೆ ಡೆಸ್ಕಿನಿಂದ ಫೋನು ಬಂತು. ಮಧ್ಯಾಹ್ನ ಒಂದು ಹಾಲಿನ ಡೇರಿಯ ಸಭೆ ಇತ್ತು, ಗಲಾಟೆ ಆಗುವ ಸೂಚನೆ ಇತ್ತು. "ಫೋಟೋ ಇವತ್ತೇ ಬೇಕು" ಅಂದರು. ಆಗುವುದಿಲ್ಲ ಅನ್ನಬಹುದಿತ್ತು. ಆದರೆ ಒಂದು ಸಲ ಆಗುವುದಿಲ್ಲ ಅಂದರೆ ಮುಂದಿನ ಸಲ ಬೇರೆಯವರಿಗೆ ಫೋನು ಹೋಗುತ್ತದೆ ಅನ್ನುವ ಭಯ ನಮ್ಮಂಥವರಿಗೆ ಯಾವಾಗಲೂ ಇರುತ್ತದೆ. ಅಣ್ಣನ ಮಗನ ಬೈಕಿನಲ್ಲಿ ಹೋಬಳಿ ಪೇಟೆಗೆ ಹೋಗಿ, ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಂಡೆ. ಅಲ್ಲಿ ಯಾರೂ ಏನೂ ಪರೀಕ್ಷೆ ಮಾಡಲಿಲ್ಲ, ಏನೂ ಕೇಳಲಿಲ್ಲ. ಒಂದು ಗಂಟೆಯಲ್ಲಿ ನೋವು ಅರ್ಧ ಇಳಿಯಿತು. ಗುಣವಾಯಿತು ಅಂದುಕೊಂಡು, ನಾನೇ ಬೈಕ್ ಹತ್ತಿ ಹಳ್ಳಕೊಳ್ಳದ ರಸ್ತೆಯಲ್ಲಿ ಹೋಗಿ ಬಂದು ಸುದ್ದಿ ಕಳಿಸಿದೆ.

ಸಂಜೆ ಆರೂವರೆಗೆ ಹೆಂಡತಿ ವ್ಯಾನಿನಿಂದ ಇಳಿದು ಮನೆ ಬಾಗಿಲಿಗೆ ಬರುವಷ್ಟರಲ್ಲಿ ಮೂರು ಜನ ಅವಳಿಗೆ ವಿಷಯ ಹೇಳಿ ಆಗಿತ್ತು. "ಫೋನ್ ಯಾಕ್ರೀ ಮಾಡ್ಲಿಲ್ಲ?" ಅಂತ ಕೇಳಿದಳು. "ನೀನು ರಜಾ ಹಾಕ್ಬಿಟ್ರೆ ಬೋನಸ್ ಹೋಯ್ತದಲ್ಲ ಅಂತ" ಅಂದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಏನೂ ಮಾತಾಡದೆ ಒಲೆ ಮುಂದೆ ಹೋಗಿ ಕೂತಳು.

ರಾತ್ರಿ ಇಂಜೆಕ್ಷನ್ ಇಳಿಯಿತು. ಬೆಳಿಗ್ಗೆ ಹೊತ್ತಿಗೆ ನೋವು ಹಿಂದಿನ ದಿನಕ್ಕಿಂತ ಜಾಸ್ತಿ. ಜೊತೆಗೆ ಎಡಗಾಲಿನ ಹಿಂಭಾಗದಲ್ಲಿ, ತೊಡೆಯಿಂದ ಮೀನಖಂಡದವರೆಗೆ ಜುಮ್ಮೆನ್ನುವುದು ಶುರುವಾಯಿತು. ಮಲಗಿದ್ದಲ್ಲೇ ಮೊಬೈಲಿನಲ್ಲಿ ಹುಡುಕಿದೆ. ಒಂದು ವಿಡಿಯೋ ಕಾಲು ಸ್ವಾಧೀನ ತಪ್ಪುತ್ತದೆ ಅಂದಿತು, ಇನ್ನೊಂದು ಆಪರೇಷನ್ ಅಂದಿತು. ನನ್ನ ತಲೆಯಲ್ಲಿ ಓಡಿದ್ದು ಲೆಕ್ಕ ಮಾತ್ರ. ಆಪರೇಷನ್ನಿಗೆ ಎಷ್ಟು, ಸಂಘದಲ್ಲಿ ಎಷ್ಟು ಸಾಲ ಸಿಗುತ್ತದೆ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ.

ಗುರುವಾರ ತಾಲ್ಲೂಕು ಆಸ್ಪತ್ರೆಗೆ ಹೋದೆ. ಮೂಳೆ ಡಾಕ್ಟರು ಮೊದಲು ಔಷಧಿ ಬರೆಯಲಿಲ್ಲ, ಪ್ರಶ್ನೆ ಕೇಳಿದರು. ಮೂತ್ರ ಸರಿಯಾಗಿ ಹೋಗುತ್ತಿದೆಯಾ? ತೊಡೆಸಂದಿ, ಗುದದ ಸುತ್ತ ಮರಗಟ್ಟಿದ ಹಾಗಿದೆಯಾ? ಜ್ವರ ಇದೆಯಾ? ತೂಕ ಇಳಿದಿದೆಯಾ? ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ? ಆಮೇಲೆ ತುದಿಗಾಲಲ್ಲಿ ನಡೆಸಿದರು, ಹಿಮ್ಮಡಿಯಲ್ಲಿ ನಡೆಸಿದರು. ಮಲಗಿಸಿ ಕಾಲನ್ನು ನೆಟ್ಟಗೆ ಮೇಲೆತ್ತಿ ನೋಡಿದರು. ಹೆಬ್ಬೆರಳನ್ನು ಒತ್ತಿ ಹಿಡಿದು, ಮೇಲೆತ್ತು ಅಂದರು. "ಹತ್ತಕ್ಕೆ ಎಷ್ಟು ನೋವು?" ಅಂತ ಕೇಳಿದರು. "ಎಂಟು" ಅಂದೆ.

"ಕಾಲಲ್ಲಿ ಶಕ್ತಿ ಇದೆ. ನರದ ಬೇರಿಗೆ ಸ್ವಲ್ಪ ಉರಿ ತಾಗಿದೆ, ಅಷ್ಟೆ. ಹೆಚ್ಚಿನವರಿಗೆ ಕೆಲವು ವಾರದಲ್ಲಿ ತಾನಾಗೇ ಇಳಿಯುತ್ತದೆ" ಅಂದರು.

"ಸ್ಕ್ಯಾನ್ ಬೇಡ್ವಾ ಸರ್?" ಅಂತ ನಾನೇ ಕೇಳಿದೆ. ಸ್ಕ್ಯಾನ್ ಬರೆಯದ ಡಾಕ್ಟರು ಸರಿಯಾಗಿ ನೋಡಲಿಲ್ಲ ಅನ್ನುವ ಭಾವನೆ ನನಗೂ ಇತ್ತು. ಅವರು ಹೇಳಿದ್ದನ್ನು ಮನೆಗೆ ಬಂದ ಮೇಲೆ ಓದಿ ಖಾತ್ರಿ ಮಾಡಿಕೊಂಡೆ. ಯಾವ ನೋವೂ ಇಲ್ಲದ ಜನರ ಬೆನ್ನಿನ ಸ್ಕ್ಯಾನ್‌ಗಳನ್ನು ಲೆಕ್ಕ ಹಾಕಿದ ಒಂದು ದೊಡ್ಡ ಅಧ್ಯಯನ 2015ರಲ್ಲಿ ಬಂದಿದೆ. 30 ವರ್ಷದ ಆಸುಪಾಸಿನವರಲ್ಲಿ 100ಕ್ಕೆ ಸುಮಾರು 40 ಜನರಿಗೆ ಡಿಸ್ಕ್ ಉಬ್ಬಿರುವುದು ಅದರಲ್ಲಿ ಕಾಣುತ್ತದೆ. ಅವರಿಗೆ ನೋವೇ ಇಲ್ಲ. ಅಂದರೆ ನನಗೂ ಸ್ಕ್ಯಾನ್ ಮಾಡಿಸಿದ್ದರೆ "ಡಿಸ್ಕ್ ಉಬ್ಬಿದೆ" ಅಂತ ಬರೆದುಕೊಡುವ ಸಾಧ್ಯತೆ ಬಹಳ ಇತ್ತು, ಆ ಕಾಗದ ಹಿಡಿದು ನಾನು ಸಾಲಕ್ಕೆ ಓಡುತ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟ ನೋವಿತ್ತು. ಅದರಲ್ಲಿ 10ಕ್ಕೆ 9 ಮಂದಿಯ ನೋವಿಗೆ ಇಂಥದ್ದೇ ರೋಗ ಎಂದು ಬೊಟ್ಟು ಮಾಡಿ ತೋರಿಸುವ ಕಾರಣ ಸಿಗುವುದಿಲ್ಲ.

ಹಾಗಂತ ಎಲ್ಲ ಸೊಂಟ ನೋವೂ ಹಗುರವಲ್ಲ. ಡಾಕ್ಟರು ಕೇಳಿದ ಪ್ರಶ್ನೆಗಳ ಹಿಂದೆ ಕಾರಣ ಇದೆ. ಇದನ್ನು ಒಂದು ಸಲ ನಿಧಾನವಾಗಿ ಓದಿಕೊಳ್ಳಿ:

ಮೂತ್ರ ಕಟ್ಟಿಕೊಂಡರೆ, ಅಥವಾ ಮೂತ್ರ, ಮಲ ಗೊತ್ತಿಲ್ಲದೆ ಹೋದರೆ. ತೊಡೆಸಂದಿ, ಗುದದ ಸುತ್ತ ಮರಗಟ್ಟಿದರೆ. ಕಾಲಿನಲ್ಲಿ ಶಕ್ತಿ ಕುಂದಿ ಪಾದ ಎತ್ತಲು ಆಗದಿದ್ದರೆ, ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಾಳೆ ನೋಡೋಣ ಅನ್ನಬಾರದು. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ನೋವು ಇದ್ದರೆ ತಡಮಾಡದೆ ತೋರಿಸಬೇಕು. ಟಿಬಿ ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ, ಬೆನ್ನುಮೂಳೆಗೂ ಬರುತ್ತದೆ.

ಬಿದ್ದ ಮೇಲೆ, ಬೈಕ್ ಅಪಘಾತವಾದ ಮೇಲೆ ಬಂದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರ ನೋವು, ವಯಸ್ಸಾದ ಹೆಂಗಸರಿಗೆ ಇದ್ದಕ್ಕಿದ್ದ ಹಾಗೆ ಬಂದ ನೋವು, ಇವನ್ನೂ ಡಾಕ್ಟರಿಗೆ ತೋರಿಸಲೇಬೇಕು.

ಇದ್ಯಾವುದೂ ನನಗೆ ಇರಲಿಲ್ಲ. "ಹಾಗಾದರೆ ಎಷ್ಟು ದಿನ ಮಲಗಿರಬೇಕು ಸರ್?" ಅಂತ ಕೇಳಿದೆ. "ಮಲಗಬೇಡಿ, ಓಡಾಡಿ" ಅಂದರು. ಇದು ನನಗೆ ಹೊಸದು. ನೋವು ತಡೆಯಲಾಗದಿದ್ದಾಗ ಸ್ವಲ್ಪ ಹೊತ್ತು ಮಲಗಬಹುದು, ಆದರೆ ದಿನಗಟ್ಟಲೆ ಮಲಗಿದರೆ ಸ್ನಾಯುಗಳು ಇನ್ನೂ ಬಿಗಿಯುತ್ತವೆ, ಗುಣವಾಗುವುದು ತಡವಾಗುತ್ತದೆ. ಫಿನ್ಲೆಂಡ್ ದೇಶದ ಹೆಲ್ಸಿಂಕಿ ನಗರದಲ್ಲಿ ಸೊಂಟ ಹಿಡಿದ 186 ನೌಕರರನ್ನು ಮೂರು ಗುಂಪು ಮಾಡಿ ನೋಡಿದ್ದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಒಂದು ಗುಂಪಿಗೆ ವ್ಯಾಯಾಮ, ಇನ್ನೊಂದು ಗುಂಪಿಗೆ ಆದಷ್ಟು ಮಟ್ಟಿಗೆ ದಿನದ ಓಡಾಟ. ಬೇಗ ಗುಣವಾದವರು ಮೂರನೆಯವರು. 1995ರಲ್ಲೇ ಇದು ಪ್ರಕಟವಾಗಿದೆ. ನಮ್ಮೂರಿಗೆ ಇನ್ನೂ ಬಂದಿಲ್ಲ.

ಓಡಾಡಬೇಕು ಅಂದರೆ ಮೂಟೆ ಹೊರಬೇಕು ಅಂತಲ್ಲ. ಮನೆಯಂಗಳದಲ್ಲಿ ಐದು ನಿಮಿಷ, ಒಂದು ಗಂಟೆ ಬಿಟ್ಟು ಇನ್ನೈದು ನಿಮಿಷ. ಬಹಳ ಹೊತ್ತು ಕೂರಬಾರದು, ಬಹಳ ಹೊತ್ತು ನಿಲ್ಲಬಾರದು. ಅವ್ವನ ಉಪ್ಪಿನ ಶಾಖ ಮುಂದುವರಿಸಿ ಅಂದರು. ನೋವಿನ ಮಾತ್ರೆ ಐದು ದಿನಕ್ಕೆ ಬರೆದು, "ಊಟ ಆದ ಮೇಲೆ ಮಾತ್ರ. ಮುಗಿದ ಮೇಲೆ ಮೆಡಿಕಲ್ಲಿನಿಂದ ನೀವೇ ತಗೊಂಡು ನುಂಗಬೇಡಿ" ಅಂತ ಎರಡು ಸಲ ಹೇಳಿದರು. ಡೈಕ್ಲೋಫೆನಾಕ್ ಜಾತಿಯ ಮಾತ್ರೆಗಳು ತಿಂಗಳುಗಟ್ಟಲೆ ಹೋದರೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿಗೆ ಏಟು ಕೊಡುತ್ತವೆ. ಬಿಪಿ, ಹೃದಯದ ತೊಂದರೆ ಇದ್ದವರಿಗೆ ಇನ್ನೂ ಅಪಾಯ.

ಆಸ್ಪತ್ರೆಯಲ್ಲಿ ಇದೆಲ್ಲ ಸುಲಭವಾಗಿ ಕೇಳಿಸಿತು. ಮನೆಗೆ ಬಂದರೆ ಮಗಳು ಬಾಗಿಲಲ್ಲೇ ಎರಡು ಕೈ ಮೇಲೆತ್ತಿ ನಿಂತಿದ್ದಳು. "ಅಪ್ಪ, ಎತ್ಕೋ."

ದಿನಕ್ಕೆ ಎಷ್ಟು ಸಲ ಅವಳನ್ನು ಎತ್ತುತ್ತೇನೆ ಅಂತ ನಾನು ಯಾವತ್ತೂ ಎಣಿಸಿರಲಿಲ್ಲ. ಬೈಕಿಗೆ ಹತ್ತಿಸಲು, ಇಳಿಸಲು, ಹಲ್ಲುಜ್ಜಿಸಲು, ಅತ್ತಾಗ, ನಿದ್ದೆ ಬಂದಾಗ. ಎತ್ತಲಿಲ್ಲ ಅಂತ ಅವಳು ನೆಲದ ಮೇಲೆ ಬಿದ್ದು ಹೊರಳಾಡಿ ಅತ್ತಳು. ಸೊಂಟದ ನೋವಿಗಿಂತ ಅದನ್ನು ನೋಡುವುದು ಕಷ್ಟವಾಯಿತು. ಕೊನೆಗೆ ನಾನು ಮಂಚದ ಅಂಚಿನಲ್ಲಿ ಕೂತೆ. "ಬಾ, ನೀನೇ ಹತ್ತು" ಅಂದೆ. ಮಗ ಒಂದು ಮಣೆ ತಂದಿಟ್ಟ. ಮಣೆ ಹತ್ತಿ, ಮಂಚ ಹತ್ತಿ, ನನ್ನ ಮಡಿಲಿಗೆ ಬಂದಳು. ಮರುದಿನದಿಂದ "ಮಣೆ ಎಲ್ಲಿ?" ಅಂತ ತಾನೇ ಕೇಳತೊಡಗಿದಳು.

ಹೀಗೆ ಒಂದೊಂದೇ ದಾರಿ ಸಿಕ್ಕಿತು. ಚಿಕ್ಕ ಮಕ್ಕಳಿರುವ ಮನೆಯವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಬಕೆಟ್ಟನ್ನು ಅರ್ಧ ಮಾತ್ರ ತುಂಬಿಸುವುದು. ಬೇಕಾದರೆ ಎರಡು ಸಲ ತರುವುದು. ಎತ್ತುವಾಗ ಅದರ ಎದುರಿಗೇ ನಿಂತು, ಮಂಡಿ ಮಡಿಸಿ, ಮೈಗೆ ಹತ್ತಿರ ಹಿಡಿದು ಎತ್ತುವುದು. ಬೇರೆ ಕಡೆ ಇಡಬೇಕಾದರೆ ಸೊಂಟ ತಿರುಗಿಸದೆ ಪಾದ ತಿರುಗಿಸುವುದು. ನನ್ನ ಸೊಂಟ ಹಿಡಿದದ್ದೇ ಭಾರ ಮತ್ತು ತಿರುವು ಒಟ್ಟಿಗೆ ಸೇರಿದಾಗ.

ಮಕ್ಕಳಿಗೆ ಸ್ನಾನ ಮಾಡಿಸುವಾಗ ಬಗ್ಗಿ ನಿಲ್ಲದೆ ಸ್ಟೂಲಿನ ಮೇಲೆ ಕೂರುವುದು. ನೀರನ್ನೆಲ್ಲ ಮುಂಚೆಯೇ ಕೈಗೆಟಕುವ ಹಾಗೆ ಇಟ್ಟುಕೊಳ್ಳುವುದು. ಜಡೆ ಹಾಕುವುದು, ಶೂ ಹಾಕುವುದು ಎಲ್ಲವೂ ಮಗುವನ್ನು ಮಂಚದ ಮೇಲೆ ನಿಲ್ಲಿಸಿ.

ಹಾಸಿಗೆಯಿಂದ ನೆಟ್ಟಗೆ ಏಳದೆ, ಮೊದಲು ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳುವುದು. ಎದ್ದ ತಕ್ಷಣ ಬಗ್ಗುವ ಕೆಲಸ ಮಾಡದಿರುವುದು. ರಾತ್ರಿಯೆಲ್ಲ ಮಲಗಿದಾಗ ಬೆನ್ನಿನ ಡಿಸ್ಕ್‌ಗಳು ನೀರು ಹೀರಿ ಸ್ವಲ್ಪ ಉಬ್ಬಿರುತ್ತವೆ, ಆಗ ಬಗ್ಗಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ. ನಮ್ಮ ಹಳ್ಳಿಗಳಲ್ಲಿ ಕಸ ಗುಡಿಸುವುದು, ಸಗಣಿ ಬಾಚುವುದು, ಕೊಡ ಎತ್ತುವುದು ಎಲ್ಲವೂ ಎದ್ದ ಮೊದಲ ಗಂಟೆಯಲ್ಲೇ. ಆದಷ್ಟು ಅರ್ಧ ಗಂಟೆ ಓಡಾಡಿದ ಮೇಲೆ ಶುರು ಮಾಡಿದರೆ ಒಳ್ಳೆಯದು.

ಇನ್ನೊಂದು, ನನಗೆ ಎಲ್ಲಕ್ಕಿಂತ ಕಷ್ಟವಾದದ್ದು, ಕೇಳುವುದು. ಪಕ್ಕದ ಮನೆ ಅಕ್ಕನಿಗೆ "ಒಂದು ವಾರ ಮಕ್ಕಳನ್ನ ಬಿಟ್ಟು ಬರ್ತೀಯಾ ಅಕ್ಕ?" ಅಂತ ಬಾಯಿ ಬಿಟ್ಟು ಕೇಳಿದೆ. "ಇದನ್ನ ಕೇಳ್ಬೇಕಾ?" ಅಂದಳು. ಡೆಸ್ಕಿಗೂ ಫೋನ್ ಮಾಡಿ, ಒಂದು ವಾರ ಫೋನಿನಲ್ಲಿ ಸಿಗುವ ಸುದ್ದಿ ಮಾತ್ರ ಕೊಡುತ್ತೇನೆ, ಓಡಾಡಲು ಆಗುವುದಿಲ್ಲ ಅಂದೆ. "ಸರಿ ಬಿಡಿ" ಅಂದರು. ನಾನು ಹೆದರಿದಷ್ಟು ಏನೂ ಆಗಲಿಲ್ಲ. ಆ ತಿಂಗಳು ದುಡ್ಡು ಕಡಿಮೆ ಬಂತು, ಅದು ನಿಜ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಶುಕ್ರವಾರ ರಾತ್ರಿ ಹತ್ತು ಗಂಟೆ. ಹೆಂಡತಿ ಸುಸ್ತಾಗಿ ಮಕ್ಕಳ ಪಕ್ಕ ಮಲಗಿದ್ದಳು. ಅವಳನ್ನು ಎಬ್ಬಿಸುವುದು ಬೇಡ ಅಂತ ಉಪ್ಪಿನ ಶಾಖಕ್ಕೆ ನಾನೇ ಅಡುಗೆಮನೆಗೆ ಹೋದೆ. ಹರಳುಪ್ಪಿನ ಜಾಡಿಯ ಹಿಂದೆ ಒಂದು ಹಳೇ ಬಿಸ್ಕತ್ ಡಬ್ಬಿ ಇತ್ತು. ಜಾಡಿ ಎಳೆಯುವಾಗ ಅದು ಕೆಳಗೆ ಬಿದ್ದು ಬಾಯಿ ತೆರೆಯಿತು. ಒಳಗೆ ಮಾತ್ರೆಯ ಪಟ್ಟಿಗಳು. ಒಂದು ಅರ್ಧ ಖಾಲಿ, ಎರಡು ಪೂರ್ತಿ ಖಾಲಿ. ಹೆಸರು ಓದಿದೆ. ಡಾಕ್ಟರು ನನಗೆ ಐದು ದಿನಕ್ಕೆ ಬರೆದುಕೊಟ್ಟ ಅದೇ ಮಾತ್ರೆ.

ಸದ್ದಿಗೆ ಅವಳು ಎದ್ದು ಬಂದಳು. ನನ್ನ ಕೈಯಲ್ಲಿದ್ದ ಪಟ್ಟಿ ನೋಡಿದಳು.

"ಎಷ್ಟು ದಿನದಿಂದ?"

"ಯುಗಾದಿ ಆದ್ಮೇಲಿಂದ."

ಎಂಟು ತಿಂಗಳು. ಬೆನ್ನೊರಗುವ ಕುರ್ಚಿ ಇಲ್ಲದ ಮಷಿನ್ನಿನ ಮುಂದೆ, ಕತ್ತು ಬಗ್ಗಿಸಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಹೊಲಿಗೆ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಎದ್ದು ನಿಂತರೆ ಪೀಸ್ ತಪ್ಪುತ್ತದೆ. ಸೊಂಟ ಬಿಗಿದಾಗ ಒಂದು ಮಾತ್ರೆ, ಟೀ ಜೊತೆ. ಎಷ್ಟೋ ದಿನ ಬೆಳಿಗ್ಗೆ ತಿಂಡಿಯೂ ಇಲ್ಲದೆ. ಲೈನಿನಲ್ಲಿ ಅಕ್ಕಪಕ್ಕದವರೂ ಅದನ್ನೇ ನುಂಗುತ್ತಾರಂತೆ, ಒಬ್ಬರು ತಂದರೆ ಹಂಚಿಕೊಳ್ಳುತ್ತಾರಂತೆ.

ಆಗ ಇನ್ನೊಂದು ನೆನಪಾಯಿತು. ನಾಲ್ಕು ತಿಂಗಳಿಂದ ಅವಳು "ಹೊಟ್ಟೆ ಉರಿ, ಗ್ಯಾಸ್ಟ್ರಿಕ್" ಅನ್ನುತ್ತಿದ್ದಳು. ಮೆಡಿಕಲ್ಲಿನಿಂದ ಗ್ಯಾಸ್ಟ್ರಿಕ್ ಸಿರಪ್ ತಂದುಕೊಡುತ್ತಿದ್ದವನು ನಾನೇ. ಒಂದು ಬಾಟಲ್ ಮುಗಿದರೆ ಇನ್ನೊಂದು. ಯಾಕೆ ಉರಿ ಅಂತ ಒಂದು ಸಲವೂ ಕೇಳಿರಲಿಲ್ಲ. ಊರೂರು ತಿರುಗಿ ಜನರನ್ನು ಪ್ರಶ್ನೆ ಕೇಳುವುದೇ ನನ್ನ ಕಸುಬು.

"ನನಗೆ ಯಾಕೆ ಹೇಳ್ಲಿಲ್ಲ?" ಅಂದೆ.

"ಮೊನ್ನೆ ನೀವು ಯಾಕೆ ಹೇಳ್ಲಿಲ್ವೋ ಅದಕ್ಕೇ" ಅಂದಳು.

ಇಬ್ಬರೂ ಒಂದೇ ಬೋನಸ್ಸಿಗಾಗಿ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡಿದ್ದೆವು. ಬುಧವಾರ ಸಂಜೆ ಅವಳು ಸುಮ್ಮನೆ ಒಲೆ ಮುಂದೆ ಕೂತದ್ದು ಯಾಕೆ ಅಂತ ಆಗ ಗೊತ್ತಾಯಿತು.

ಆ ರಾತ್ರಿ ಅವಳ ಸಂಬಳದ ಚೀಟಿ ತೆಗೆಸಿ ನೋಡಿದೆ. ಪ್ರತಿ ತಿಂಗಳೂ ಇಎಸ್‌ಐ ಅಂತ ದುಡ್ಡು ಹಿಡಿಯುತ್ತಿದ್ದರು. ಇಷ್ಟು ವರ್ಷ ಅದನ್ನು ಕಡಿತ ಅಂತ ಮಾತ್ರ ನೋಡಿದ್ದೆವು. ಗಾರ್ಮೆಂಟ್ಸಿಗೆ ಹೋಗುವವರು ಇರುವ ಪ್ರತಿ ಮನೆಗೂ ಇದು ಗೊತ್ತಿರಬೇಕು, ಅದಕ್ಕೇ ವಿವರವಾಗಿ ಬರೆಯುತ್ತೇನೆ.

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ಕಾರ್ಮಿಕರಿಗೆ ಇಎಸ್‌ಐ ಅನ್ವಯಿಸುತ್ತದೆ. ಕಾರ್ಮಿಕರ ಸಂಬಳದಿಂದ ಶೇ 0.75 ಹಿಡಿಯುತ್ತಾರೆ, ಮಾಲೀಕರು ಶೇ 3.25 ಸೇರಿಸಿ ಕಟ್ಟಬೇಕು. ಇದರಿಂದ ಕಾರ್ಮಿಕರಿಗೆ ಮಾತ್ರವಲ್ಲ, ಅವರ ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ, ಅವರನ್ನೇ ನಂಬಿದ ತಂದೆ ತಾಯಿಗೂ ಚಿಕಿತ್ಸೆ ಸಿಗುತ್ತದೆ. ಅಂದರೆ ಬುಧವಾರ ಇಂಜೆಕ್ಷನ್ನಿಗೆ ದುಡ್ಡು ಕೊಟ್ಟು ಬಂದ ನನಗೂ ಅಲ್ಲಿ ಹಕ್ಕು ಇತ್ತು. ಇ-ಪೆಹಚಾನ್ ಕಾರ್ಡ್ ಅನ್ನುವ ಕಾಗದದಲ್ಲಿ ಮನೆಯವರ ಹೆಸರು ಸೇರಿದೆಯಾ ಅಂತ ನೋಡಿಕೊಳ್ಳಿ. ಇಲ್ಲದಿದ್ದರೆ ಫ್ಯಾಕ್ಟರಿಯ ಎಚ್‌ಆರ್‌ಗೆ ಹೇಳಿ ಸೇರಿಸಿಸಿ.

ಇನ್ನೂ ಮುಖ್ಯವಾದದ್ದು ಕಾಯಿಲೆ ರಜೆಯ ದುಡ್ಡು. ಇಎಸ್‌ಐ ಡಾಕ್ಟರು ವಿಶ್ರಾಂತಿ ಬೇಕು ಅಂತ ಸರ್ಟಿಫಿಕೇಟ್ ಕೊಟ್ಟರೆ, ಸಂಬಳದ ಶೇ 70ರಷ್ಟನ್ನು ವರ್ಷಕ್ಕೆ 91 ದಿನದವರೆಗೆ ಇಎಸ್‌ಐ ಕೊಡುತ್ತದೆ. ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಸಿಗುವುದಿಲ್ಲ. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಸೊಂಟ ನೋವೂ ಕಾಯಿಲೆಯೇ.

ಸೋಮವಾರ ಅವಳು ರಜಾ ಹಾಕಿದಳು. ಆ ತಿಂಗಳ ಬೋನಸ್ ಹೋಯಿತು. ಇಬ್ಬರೂ ಬಸ್ಸಿನಲ್ಲಿ ಇಎಸ್‌ಐ ಚಿಕಿತ್ಸಾಲಯಕ್ಕೆ ಹೋದೆವು. ಇಬ್ಬರದೂ ಸೊಂಟ, ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಮುಂದಿನ ಸೀಟಿನ ಕಂಬಿಯನ್ನು ಇಬ್ಬರೂ ಒಟ್ಟಿಗೆ ಹಿಡಿದುಕೊಳ್ಳುತ್ತಿದ್ದೆವು. ಅಲ್ಲಿಯ ಡಾಕ್ಟರು ಅವಳ ಹಳೇ ಮಾತ್ರೆಯನ್ನು ಅವತ್ತೇ ನಿಲ್ಲಿಸಿದರು, ಹೊಟ್ಟೆಗೆ ಔಷಧಿ ಕೊಟ್ಟರು, ಮಾಡಬೇಕಾದ ವ್ಯಾಯಾಮ ತೋರಿಸಿದರು. ಊಟದ ವಿರಾಮದಲ್ಲಿ ಹತ್ತು ನಿಮಿಷ ನಡೆಯಬೇಕು, ಬಾಬಿನ್ ಬದಲಿಸುವಾಗಲಾದರೂ ಎದ್ದು ನಿಂತು ಬೆನ್ನು ನೆಟ್ಟಗೆ ಮಾಡಬೇಕು ಅಂದರು.

ನನ್ನ ನೋವು ಮೂರು ವಾರದಲ್ಲಿ ಇಳಿಯಿತು. ಕಾಲಿನ ಜುಮ್ಮು ಸಂಕ್ರಾಂತಿ ಹೊತ್ತಿಗೆ ಹೋಯಿತು. ಅವಳದು ಪೂರ್ತಿ ಹೋಗಿಲ್ಲ. ಸ್ಟೂಲು ಅದೇ, ಟಾರ್ಗೆಟ್ಟೂ ಅದೇ. ಹೊಟ್ಟೆ ಉರಿ ಮಾತ್ರ ನಿಂತಿದೆ. ಬಿಸ್ಕತ್ ಡಬ್ಬಿಯಲ್ಲಿ ಈಗ ಮಗ ಗೋಲಿ ಹಾಕಿಕೊಂಡಿದ್ದಾನೆ.

ಡಾಕ್ಟರ ಪ್ರಶ್ನೆಯೊಂದು ನಮ್ಮ ಮನೆಯಲ್ಲಿ ಉಳಿದುಕೊಂಡಿದೆ. ಸಂಜೆ ಅವಳು ವ್ಯಾನಿಂದ ಇಳಿದು ಬಂದು ಚಪ್ಪಲಿ ಬಿಡುವಾಗ ಕೇಳುತ್ತೇನೆ, "ಇವತ್ತು ಹತ್ತಕ್ಕೆ ಎಷ್ಟು?" ಅವಳು ನಿಜವಾದ ಲೆಕ್ಕ ಹೇಳಬೇಕು. ಆಮೇಲೆ ಅವಳು ಕೇಳುತ್ತಾಳೆ, ನಾನೂ ನಿಜ ಹೇಳಬೇಕು. ಮಗಳೂ ಮಣೆ ಹತ್ತಿ ನಿಂತು "ನಂದು ಹತ್ತು" ಅನ್ನುತ್ತಾಳೆ. ಹೆಂಡತಿ ಐದರ ಮೇಲೆ ಹೇಳಿದ ದಿನ ಮುದ್ದೆ ತಿರುವುವುದು ನಾನು.

ನಿನ್ನೆ ನಾಲ್ಕು ಅಂದಳು. ಆದರೂ ನಾನೇ ತಿರುವಿದೆ. ಗಂಟಾಗಿತ್ತು, ಯಾರೂ ಏನೂ ಅನ್ನಲಿಲ್ಲ.